ಅಸ್ವಸ್ಥ ಮಕ್ಕಳ ಇಷ್ಟಾರ್ಥ ಪೂರೈಕೆ

ಅಸ್ವಸ್ಥ ಮಕ್ಕಳ ಇಷ್ಟಾರ್ಥ ಪೂರೈಕೆ ಎಂದರೆ ಪ್ರಾಣಾಪಾಯವನ್ನು ತಂದೊಡ್ಡಬಲ್ಲ ಗಂಭೀರ ಕಾಯಿಲೆಗೆ ತುತ್ತಾದ ಮಕ್ಕಳ ಮನಸ್ಸಿನ ಒಂದು ಆಸೆಯನ್ನು ಕೇಳಿ ತಿಳಿದು, ಅದನ್ನು ಸಾರ್ವಜನಿಕರ ನೆರವಿನಿಂದ ನೆರವೇರಿಸಿಕೊಡುವ ಸೇವಾಕಾರ್ಯ. ಇಪ್ಪತ್ತನೆಯ ಶತಮಾನದ ಎಪ್ಪತ್ತು ಮತ್ತು ಎಂಬತ್ತರ ದಶಕಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಆರಂಭಗೊಂಡ ಈ ಕಾರ್ಯವು ಇಂದು ಭಾರತವೂ ಸೇರಿದಂತೆ ಹಲವು ದೇಶಗಳಿಗೆ ಹರಡಿದೆ. ಈ ಕ್ಷೇತ್ರದ ಸಂಸ್ಥೆಗಳಲ್ಲಿ 1980ರಲ್ಲಿ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ಸ್ಥಾಪನೆಯಾದ 'ಮೇಕ್-ಎ-ವಿಶ್' ಪ್ರತಿಷ್ಠಾನವು ಅತ್ಯಂತ ಪ್ರಸಿದ್ಧವಾದುದು. ಅದು ಮತ್ತು ಅದರ ಅಂಗಸಂಸ್ಥೆಗಳು ಜಗತ್ತಿನಾದ್ಯಂತ ಐದು ಲಕ್ಷಕ್ಕೂ ಹೆಚ್ಚು ಮಕ್ಕಳ ಇಷ್ಟಾರ್ಥಗಳನ್ನು ಪೂರೈಸಿವೆ.

ಈ ಕಾರ್ಯಕ್ಕೆ ಬೇಕಾದ ಹಣ ಮತ್ತು ಶ್ರಮದ ಒಂದು ಪಾಲು ಶಾಲಾ ವಿದ್ಯಾರ್ಥಿಗಳಿಂದ ಬರುತ್ತದೆ. ಆರೋಗ್ಯವಂತ ಮಕ್ಕಳು ತಮ್ಮದೇ ವಯಸ್ಸಿನ ಅಸ್ವಸ್ಥ ಮಕ್ಕಳಿಗಾಗಿ ದೇಣಿಗೆ ಸಂಗ್ರಹಿಸುವ, ಪತ್ರ ಬರೆಯುವ ಹಾಗೂ ಕಾರ್ಯಕ್ರಮ ಏರ್ಪಡಿಸುವ ಈ ಪದ್ಧತಿಗೆ ಅಮೆರಿಕದಲ್ಲಿ 'ಕಿಡ್ಸ್ ಫಾರ್ ವಿಶ್ ಕಿಡ್ಸ್' ಎಂಬ ಹೆಸರಿದೆ.

ಹಿನ್ನೆಲೆ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರತಿವರ್ಷ ಜಗತ್ತಿನಲ್ಲಿ 19 ವರ್ಷದೊಳಗಿನ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರು ಕ್ಯಾನ್ಸರಿಗೆ ತುತ್ತಾಗುತ್ತಾರೆ. ಶ್ರೀಮಂತ ರಾಷ್ಟ್ರಗಳಲ್ಲಿ ಇವರ ಪೈಕಿ ಶೇಕಡ 80ಕ್ಕಿಂತ ಹೆಚ್ಚು ಮಂದಿ ಗುಣಮುಖರಾದರೆ, ಕಡಮೆ ಆದಾಯದ ಹಲವು ರಾಷ್ಟ್ರಗಳಲ್ಲಿ ಈ ಪ್ರಮಾಣ ಶೇಕಡ 30ನ್ನೂ ಮುಟ್ಟುವುದಿಲ್ಲ. ಕ್ಯಾನ್ಸರಿನ ಜೊತೆಗೆ ಹೃದಯದ ಜನ್ಮಜಾತ ದೋಷಗಳು, ಮೂತ್ರಪಿಂಡದ ವೈಫಲ್ಯ, ಥಲಸ್ಸೀಮಿಯಾದಂತಹ ರಕ್ತದ ಕಾಯಿಲೆಗಳು, ಸ್ನಾಯುಗಳನ್ನು ಕ್ಷಯಿಸುವ ಆನುವಂಶಿಕ ರೋಗಗಳು ಮಕ್ಕಳ ಬಾಲ್ಯವನ್ನು ಆಸ್ಪತ್ರೆಯ ವಾರ್ಡಿನೊಳಗೆ ಕಳೆಯುವಂತೆ ಮಾಡುತ್ತವೆ.

ದೀರ್ಘಕಾಲದ ಚಿಕಿತ್ಸೆಯಲ್ಲಿರುವ ಮಗುವಿಗೆ ನೋವಿನಷ್ಟೇ ಕಾಡುವ ಮತ್ತೊಂದು ಸಂಗತಿಯೆಂದರೆ ತನ್ನ ದಿನಚರಿಯ ಮೇಲೆ ತನಗೇ ಹಿಡಿತವಿಲ್ಲದಿರುವುದು. ಯಾವಾಗ ಏಳಬೇಕು, ಏನು ತಿನ್ನಬೇಕು, ಯಾವ ದಿನ ಸೂಜಿ ಚುಚ್ಚಿಸಿಕೊಳ್ಳಬೇಕು ಎಂಬುದನ್ನೆಲ್ಲ ಹಿರಿಯರೇ ನಿರ್ಧರಿಸುತ್ತಾರೆ. ಶಾಲೆ ತಪ್ಪುತ್ತದೆ, ಗೆಳೆಯರು ದೂರವಾಗುತ್ತಾರೆ. ಇಂತಹ ಮಗುವನ್ನು 'ನಿನಗೆ ಏನು ಬೇಕು?' ಎಂದು ಕೇಳಿ, ಅದು ಹೇಳಿದ್ದನ್ನು ಗಂಭೀರವಾಗಿ ಪರಿಗಣಿಸುವುದು ಇಷ್ಟಾರ್ಥ ಪೂರೈಕೆಯ ಮೂಲತತ್ತ್ವ. ಇದು ಚಿಕಿತ್ಸೆಗೆ ಬದಲಿಯಲ್ಲ. ಚಿಕಿತ್ಸೆಯ ಜೊತೆಯಲ್ಲಿ ನಡೆಯುವ ಪೂರಕ ಕಾರ್ಯ. ಇದನ್ನು ಕೈಗೊಳ್ಳುವ ಸಂಸ್ಥೆಗಳು ಸಾಮಾನ್ಯವಾಗಿ ಆಸ್ಪತ್ರೆಯ ವೆಚ್ಚವನ್ನು ಭರಿಸುವುದಿಲ್ಲ.

ಇತಿಹಾಸ

ಅಮೆರಿಕದಲ್ಲಿ ಈ ಉದ್ದೇಶಕ್ಕಾಗಿಯೇ ಹುಟ್ಟಿದ ಮೊದಲ ಸಂಸ್ಥೆಯೆಂದು 'ಸನ್‌ಶೈನ್ ಫೌಂಡೇಶನ್' ಅನ್ನು ಗುರುತಿಸಲಾಗುತ್ತದೆ. ಫಿಲಡೆಲ್ಫಿಯಾ ನಗರದ ಪೊಲೀಸ್ ಅಧಿಕಾರಿಯಾಗಿದ್ದ ಬಿಲ್ ಸ್ಯಾಂಪಲ್ ಅವರು 1976ರಲ್ಲಿ ಇದನ್ನು ಆರಂಭಿಸಿದರು. ಮಕ್ಕಳ ಆಸ್ಪತ್ರೆಯಲ್ಲಿ ಕರ್ತವ್ಯದ ಮೇಲಿದ್ದಾಗ ಅಲ್ಲಿನ ಕುಟುಂಬಗಳ ಸ್ಥಿತಿಯನ್ನು ಕಂಡದ್ದು ಅವರಿಗೆ ಪ್ರೇರಣೆಯಾಯಿತು.

ಮೇಕ್-ಎ-ವಿಶ್ ಪ್ರತಿಷ್ಠಾನದ ಹುಟ್ಟಿಗೆ ಕಾರಣನಾದವನು ಕ್ರಿಸ್ ಗ್ರೀಷಿಯಸ್ ಎಂಬ ಏಳು ವರ್ಷದ ಬಾಲಕ. ರಕ್ತದ ಕ್ಯಾನ್ಸರಿನಿಂದ ಬಳಲುತ್ತಿದ್ದ ಅವನಿಗೆ ಪೊಲೀಸ್ ಆಗಬೇಕೆಂಬ ಹಂಬಲವಿತ್ತು. ಕುಟುಂಬದ ಪರಿಚಿತರಾಗಿದ್ದ ಸುಂಕ ಇಲಾಖೆಯ ಅಧಿಕಾರಿ ಟಾಮಿ ಆಸ್ಟಿನ್ ಅವರು ಈ ಸಂಗತಿಯನ್ನು ಅರಿಜೋನಾ ರಾಜ್ಯದ ಸಾರ್ವಜನಿಕ ಸುರಕ್ಷಾ ಇಲಾಖೆಯ ಗಮನಕ್ಕೆ ತಂದರು. 1980ರ ಏಪ್ರಿಲ್ 29ರಂದು ಇಲಾಖೆಯ ಹೆಲಿಕಾಪ್ಟರಿನಲ್ಲಿ ಕ್ರಿಸ್‌ನನ್ನು ಕೇಂದ್ರ ಕಚೇರಿಗೆ ಕರೆದೊಯ್ದು, ಪ್ರಮಾಣವಚನ ಬೋಧಿಸಿ, ರಾಜ್ಯದ ಮೊದಲ ಗೌರವ ಗಸ್ತು ಅಧಿಕಾರಿಯನ್ನಾಗಿ ಮಾಡಲಾಯಿತು. ಅವನ ಅಳತೆಗೆ ಸಮವಸ್ತ್ರವನ್ನು ಹೊಲಿಸಿಕೊಡಲಾಯಿತು. ಬ್ಯಾಟರಿ ಚಾಲಿತ ಪುಟ್ಟ ಮೋಟಾರು ಸೈಕಲ್ಲಿನಲ್ಲಿ ಚಾಲನಾ ಪರೀಕ್ಷೆಯನ್ನೂ ಅವನು ನೀಡಿದನು. ಅದೇ ವರ್ಷ ಮೇ 3ರಂದು ಅವನು ತೀರಿಕೊಂಡನು. ಅಂತ್ಯಸಂಸ್ಕಾರವು ಇಲಿನಾಯ್ ರಾಜ್ಯದಲ್ಲಿ ಪೊಲೀಸ್ ಗೌರವಗಳೊಂದಿಗೆ ನೆರವೇರಿತು. ಅದರಲ್ಲಿ ಭಾಗವಹಿಸಿದ್ದ ಗಸ್ತು ಅಧಿಕಾರಿ ಫ್ರಾಂಕ್ ಶ್ಯಾಂಕ್‌ವಿಟ್ಜ್, ಬಾಲಕನ ತಾಯಿ ಲಿಂಡಾ ಹಾಗೂ ಕೆಲವು ಸಹೋದ್ಯೋಗಿಗಳು ಮತ್ತು ಮಿತ್ರರು ಸೇರಿ, ಒಬ್ಬ ಬಾಲಕನಿಗೆ ದೊರೆತದ್ದು ಇತರ ಮಕ್ಕಳಿಗೂ ದೊರೆಯಬೇಕೆಂಬ ಉದ್ದೇಶದಿಂದ ಅದೇ ವರ್ಷ ಸಂಸ್ಥೆಯನ್ನು ಸ್ಥಾಪಿಸಿದರು.

ಸಂಸ್ಥೆಯು ಅಧಿಕೃತವಾಗಿ ಪೂರೈಸಿದ ಮೊದಲ ಇಷ್ಟಾರ್ಥವು 1981ರಲ್ಲಿ 'ಬಾಪ್ಸಿ' ಎಂಬ ಅಡ್ಡಹೆಸರಿನ ಏಳು ವರ್ಷದ ಬಾಲಕನದು. ಅವನ ಮುಂದೆ ಮೂರು ಆಸೆಗಳಿದ್ದವು: ಅಗ್ನಿಶಾಮಕ ದಳದ ಸಿಬ್ಬಂದಿಯಾಗುವುದು, ಡಿಸ್ನಿಲ್ಯಾಂಡ್ ನೋಡುವುದು, ಬಿಸಿಗಾಳಿಯ ಬಲೂನಿನಲ್ಲಿ ಹಾರುವುದು. ಯಾವುದನ್ನು ಆರಿಸಬೇಕೆಂದು ತಿಳಿಯದೆ ಕುಳಿತ ಅವನಿಗೆ ಮೂರನ್ನೂ ಈಡೇರಿಸಿಕೊಡಲಾಯಿತು. ಮುಂದೆ ಅವನು ಮತ್ತೆ ಆಸ್ಪತ್ರೆ ಸೇರಿದಾಗ ಅಗ್ನಿಶಾಮಕ ದಳದವರು ಏಣಿ ಹತ್ತಿ ಕಿಟಕಿಯ ಮೂಲಕವೇ ಅವನ ಕೋಣೆಯನ್ನು ಪ್ರವೇಶಿಸಿ ಅವನನ್ನು ನಗಿಸಿದ ಪ್ರಸಂಗವು ಸಂಸ್ಥೆಯ ಇತಿಹಾಸದಲ್ಲಿ ದಾಖಲಾಗಿದೆ.

1986ರಲ್ಲಿ ಫ್ಲಾರಿಡಾ ರಾಜ್ಯದಲ್ಲಿ 'ಗಿವ್ ಕಿಡ್ಸ್ ದಿ ವರ್ಲ್ಡ್' ಎಂಬ ಸಂಸ್ಥೆ ಆರಂಭವಾಯಿತು. ನಾಜಿಗಳ ಯಾತನಾ ಶಿಬಿರಗಳಿಂದ ಬದುಕುಳಿದು ಬಂದು ಹೋಟೆಲ್ ಉದ್ಯಮಿಯಾಗಿದ್ದ ಹೆನ್ರಿ ಲ್ಯಾಂಡ್‌ವರ್ತ್ ಅವರು ಇದರ ಸ್ಥಾಪಕರು. ವಿಹಾರ ತಾಣಗಳನ್ನು ನೋಡಬೇಕೆಂದು ಬಯಸಿದ್ದ ಬಾಲಕಿಯೊಬ್ಬಳು ಪ್ರಯಾಣದ ಏರ್ಪಾಡುಗಳು ಮುಗಿಯುವ ಮೊದಲೇ ಮರಣಹೊಂದಿದಳು. ಮುಂದೆ ಯಾವ ಮಗುವಿಗೂ ಏರ್ಪಾಡಿನ ವಿಳಂಬದಿಂದ ನಿರಾಶೆಯಾಗಬಾರದೆಂದು ಅವರು ಇಂತಹ ಕುಟುಂಬಗಳಿಗೆಂದೇ ಉಚಿತ ವಸತಿಗ್ರಾಮವೊಂದನ್ನು ಕಟ್ಟಿಸಿದರು. ಇಷ್ಟಾರ್ಥ ಪೂರೈಕೆಯಲ್ಲಿ ಸಮಯಕ್ಕೆ ಇರುವ ಮಹತ್ವವನ್ನು ಈ ಘಟನೆ ಸ್ಪಷ್ಟಪಡಿಸುತ್ತದೆ.

1993ರಲ್ಲಿ ಮೇಕ್-ಎ-ವಿಶ್‌ನ ಅಂತರರಾಷ್ಟ್ರೀಯ ಸಂಸ್ಥೆ ರೂಪುಗೊಂಡಿತು. ಕ್ರಿಸ್‌ನ ಆಸೆ ಈಡೇರಿದ ದಿನವಾದ ಏಪ್ರಿಲ್ 29ನ್ನು 'ವಿಶ್ವ ಇಷ್ಟಾರ್ಥ ದಿನ'ವನ್ನಾಗಿ ಆಚರಿಸಲಾಗುತ್ತಿದೆ.

ಇಷ್ಟಾರ್ಥಗಳ ಬಗೆಗಳು

ಮಕ್ಕಳು ವ್ಯಕ್ತಪಡಿಸುವ ಆಸೆಗಳನ್ನು ಸ್ಥೂಲವಾಗಿ ಐದು ಬಗೆಗಳಾಗಿ ವಿಂಗಡಿಸಬಹುದು.

ಪಡೆಯುವ ಆಸೆ: ಸೈಕಲ್, ಕಂಪ್ಯೂಟರ್, ಸಂಗೀತ ವಾದ್ಯ, ಸಾಕುನಾಯಿ, ತನ್ನದೇ ಆದ ಓದುವ ಕೋಣೆ ಮುಂತಾದವು.

ಹೋಗುವ ಆಸೆ: ಸಮುದ್ರತೀರ, ಹಿಮ ಬೀಳುವ ಊರು, ವಿಹಾರ ತಾಣ, ದೂರದಲ್ಲಿರುವ ಬಂಧುಗಳ ಮನೆ. ಡಿಸ್ನಿ ಸಂಸ್ಥೆಯ ಸಹಯೋಗದಲ್ಲಿಯೇ ಒಂದು ಲಕ್ಷಕ್ಕೂ ಹೆಚ್ಚು ಇಷ್ಟಾರ್ಥಗಳು ನೆರವೇರಿವೆ.

ಭೇಟಿಯಾಗುವ ಆಸೆ: ಕ್ರೀಡಾಪಟು, ನಟ, ಗಾಯಕ ಮೊದಲಾದ ಮೆಚ್ಚಿನ ವ್ಯಕ್ತಿಗಳನ್ನು ಕಾಣುವುದು. ಅಮೆರಿಕದ ಕುಸ್ತಿಪಟು ಹಾಗೂ ನಟ ಜಾನ್ ಸೀನಾ ಅವರು 650 ಮಕ್ಕಳ ಇಂತಹ ಆಸೆಯನ್ನು ಪೂರೈಸಿದ್ದನ್ನು 2022ರಲ್ಲಿ ಗಿನ್ನೆಸ್ ದಾಖಲೆಯಾಗಿ ಮಾನ್ಯ ಮಾಡಲಾಯಿತು.

ಆಗುವ ಆಸೆ: ಒಂದು ದಿನದ ಮಟ್ಟಿಗೆ ಪೊಲೀಸ್, ಪೈಲಟ್, ಅಡುಗೆಭಟ್ಟ ಅಥವಾ ಕಥಾನಾಯಕನಾಗುವುದು. 2013ರ ನವೆಂಬರ್ 15ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ರಕ್ತದ ಕ್ಯಾನ್ಸರಿನಿಂದ ಚೇತರಿಸಿಕೊಂಡಿದ್ದ ಐದು ವರ್ಷದ ಬಾಲಕನೊಬ್ಬನು 'ಬ್ಯಾಟ್‌ಕಿಡ್' ವೇಷದಲ್ಲಿ ಊರನ್ನು ರಕ್ಷಿಸುವ ಆಟವನ್ನು ಆಡಿದಾಗ, ಸಾವಿರಾರು ಜನ ಬೀದಿಗಿಳಿದು ಅವನಿಗೆ ಜಯಕಾರ ಹಾಕಿದರು.

ನೀಡುವ ಆಸೆ: ತನಗಾಗಿ ಏನನ್ನೂ ಕೇಳದೆ, ತನ್ನ ಶಾಲೆಗೆ ಆಟದ ಅಂಗಳ, ವಾರ್ಡಿನ ಇತರ ಮಕ್ಕಳಿಗೆ ಆಟಿಕೆ ಮೊದಲಾದವನ್ನು ಕೇಳುವುದು. ಇಂತಹ ಕೋರಿಕೆಗಳ ಸಂಖ್ಯೆ ಕಡಮೆಯಾದರೂ ಅವುಗಳಿಗೆ ಪ್ರತ್ಯೇಕ ಸ್ಥಾನವಿದೆ.

ಕಾರ್ಯವಿಧಾನ

ಸಂಸ್ಥೆಯಿಂದ ಸಂಸ್ಥೆಗೆ ವಿವರಗಳು ಬೇರೆಯಾದರೂ ಇಷ್ಟಾರ್ಥ ಪೂರೈಕೆಯು ಸಾಮಾನ್ಯವಾಗಿ ಈ ಹಂತಗಳಲ್ಲಿ ನಡೆಯುತ್ತದೆ.

ಮೊದಲನೆಯದು ಶಿಫಾರಸು. ವೈದ್ಯರು, ದಾದಿಯರು, ಆಸ್ಪತ್ರೆಯ ಸಮಾಜ ಕಾರ್ಯಕರ್ತರು, ತಂದೆತಾಯಿಗಳು ಅಥವಾ ಸ್ವತಃ ಮಗುವೇ ಸಂಸ್ಥೆಯನ್ನು ಸಂಪರ್ಕಿಸಬಹುದು. ಅಮೆರಿಕದಲ್ಲಿ ಎರಡೂವರೆ ವರ್ಷ ತುಂಬಿದ, 18 ವರ್ಷ ತುಂಬದ ಮಕ್ಕಳು ಅರ್ಹರು. ಭಾರತದಲ್ಲಿ ಈ ಮಿತಿ 3ರಿಂದ 18 ವರ್ಷ. ಎರಡೂವರೆ ವರ್ಷವೆಂಬ ಕನಿಷ್ಠ ಮಿತಿಗೆ ಕಾರಣವೆಂದರೆ, ಆಸೆಯನ್ನು ಮಗುವೇ ತನ್ನ ಮಾತಿನಲ್ಲಿ ಅಥವಾ ಸನ್ನೆಯಲ್ಲಿ ತಿಳಿಸಲು ಸಮರ್ಥವಾಗಿರಬೇಕೆಂಬುದು.

ಎರಡನೆಯದು ವೈದ್ಯಕೀಯ ದೃಢೀಕರಣ. ಚಿಕಿತ್ಸೆ ನೀಡುತ್ತಿರುವ ವೈದ್ಯರು ಕಾಯಿಲೆಯ ಸ್ವರೂಪವನ್ನು ಪ್ರಮಾಣೀಕರಿಸುತ್ತಾರೆ. ಕುಟುಂಬದ ಆದಾಯವು ಅರ್ಹತೆಯ ಮಾನದಂಡವಲ್ಲ. ಬೇರೊಂದು ಸಂಸ್ಥೆಯಿಂದ ಈಗಾಗಲೇ ಇಷ್ಟಾರ್ಥ ಪಡೆದ ಮಗುವಿಗೆ ಸಾಮಾನ್ಯವಾಗಿ ಮತ್ತೊಮ್ಮೆ ಅವಕಾಶವಿರುವುದಿಲ್ಲ.

ಮೂರನೆಯದು ಭೇಟಿ. ತರಬೇತಿ ಪಡೆದ ಸ್ವಯಂಸೇವಕರು ಮಗುವನ್ನು ಕಂಡು ಮಾತನಾಡುತ್ತಾರೆ. ಇಲ್ಲಿ ಎಚ್ಚರ ಬೇಕಾಗುತ್ತದೆ. ಮನೆಯ ಸಾಲ, ತಮ್ಮ ತಂಗಿಯರ ಶುಲ್ಕ ಮುಂತಾದ ಚಿಂತೆಗಳು ಮಗುವಿನ ಕಿವಿಗೂ ಬಿದ್ದಿರುತ್ತವೆ. ಹಿರಿಯರಿಗೆ ಬೇಕಾದುದನ್ನು ತನ್ನ ಆಸೆಯೆಂದು ಮಗು ಹೇಳುವ ಸಂಭವವಿರುತ್ತದೆ. ಆದುದರಿಂದ ಸ್ವಯಂಸೇವಕರು ಚಿತ್ರ ಬರೆಸಿ, ಆಟವಾಡಿಸಿ, ನಿಧಾನವಾಗಿ ಅದರ ಮನಸ್ಸನ್ನು ತಿಳಿಯಲು ಯತ್ನಿಸುತ್ತಾರೆ. ಏನನ್ನೂ ಕೇಳಲು ಹಿಂಜರಿಯುವ ಮಗುವಿಗೆ ಎರಡು ಮೂರು ಭೇಟಿಗಳು ಬೇಕಾಗಬಹುದು.

ನಾಲ್ಕನೆಯದು ಏರ್ಪಾಡು. ಪ್ರಯಾಣವಾದರೆ ವೈದ್ಯರ ಅನುಮತಿ, ಔಷಧಗಳ ವ್ಯವಸ್ಥೆ, ಜೊತೆಗೆ ಹೋಗುವ ಕುಟುಂಬದವರ ವೆಚ್ಚ ಇವೆಲ್ಲವನ್ನೂ ನೋಡಬೇಕಾಗುತ್ತದೆ. ಒಡಹುಟ್ಟಿದವರನ್ನೂ ಜೊತೆಗೆ ಸೇರಿಸಿಕೊಳ್ಳುವ ಪದ್ಧತಿಯಿದೆ. ಅಣ್ಣನೋ ತಂಗಿಯೋ ಕಾಯಿಲೆಯಲ್ಲಿರುವಾಗ ಮನೆಯ ಇತರ ಮಕ್ಕಳು ಹಿಂದೆ ಸರಿದು ನಿಂತಿರುತ್ತಾರೆಂಬ ಅರಿವು ಇದರ ಹಿಂದಿದೆ.

ಕೊನೆಯದು ನೆರವೇರಿಕೆ. ಮಗುವಿನ ಸ್ಥಿತಿ ಬಿಗಡಾಯಿಸಿದಾಗ ಈ ಎಲ್ಲ ಹಂತಗಳನ್ನೂ ಕೆಲವೇ ದಿನಗಳಲ್ಲಿ ಮುಗಿಸುವ ತುರ್ತು ವ್ಯವಸ್ಥೆಯೂ ಇರುತ್ತದೆ.

ಶಾಲಾ ವಿದ್ಯಾರ್ಥಿಗಳ ಪಾತ್ರ

'ಕಿಡ್ಸ್ ಫಾರ್ ವಿಶ್ ಕಿಡ್ಸ್' ಕಾರ್ಯಕ್ರಮವು ಶಿಶುವಿಹಾರದಿಂದ ಹನ್ನೆರಡನೆಯ ತರಗತಿಯವರೆಗಿನ ವಿದ್ಯಾರ್ಥಿಗಳಿಗಾಗಿ ರೂಪುಗೊಂಡಿದೆ. ಯೋಜನೆಯನ್ನು ಆಲೋಚಿಸುವುದು, ಲೆಕ್ಕ ಇಡುವುದು, ಪ್ರಚಾರ ಮಾಡುವುದು, ನಡೆಸಿಕೊಡುವುದು ಎಲ್ಲವೂ ವಿದ್ಯಾರ್ಥಿಗಳದೇ ಕೆಲಸ. ಶಿಕ್ಷಕರು ಮಾರ್ಗದರ್ಶಕರಾಗಿರುತ್ತಾರೆ. ಕಾಲೇಜು ವಿದ್ಯಾರ್ಥಿಗಳಿಗೆ ಇದೇ ಬಗೆಯ ಪ್ರತ್ಯೇಕ ಕಾರ್ಯಕ್ರಮವಿದೆ. ಅಮೆರಿಕದ ಹಲವೆಡೆ ಪ್ರೌಢಶಾಲಾ ವಿದ್ಯಾರ್ಥಿಗಳು ಸಮಾಜಸೇವೆಯಲ್ಲಿ ತೊಡಗುವುದು ಶಿಕ್ಷಣದ ಭಾಗವೇ ಆಗಿದೆ. ಮೇರಿಲ್ಯಾಂಡ್ ರಾಜ್ಯದಲ್ಲಂತೂ ಸಾರ್ವಜನಿಕ ಪ್ರೌಢಶಾಲೆಯಿಂದ ತೇರ್ಗಡೆಯಾಗಲು 75 ಗಂಟೆಗಳ ಸೇವಾಧಾರಿತ ಕಲಿಕೆಯು ಕಡ್ಡಾಯ. ಇಂತಹ ಹಿನ್ನೆಲೆಯು ಈ ಕಾರ್ಯಕ್ರಮಕ್ಕೆ ಅನುಕೂಲವಾಗಿದೆ.

ಶಾಲೆಗಳಲ್ಲಿ ರೂಢಿಯಲ್ಲಿರುವ ಕೆಲವು ವಿಧಾನಗಳು ಹೀಗಿವೆ.

ನಾಣ್ಯ ಸ್ಪರ್ಧೆ: ಪ್ರತಿ ತರಗತಿಗೂ ಒಂದು ಜಾಡಿಯನ್ನು ಇಡಲಾಗುತ್ತದೆ. ಅದರೊಳಗೆ ಬಿದ್ದ ಒಂದು ಸೆಂಟಿನ ಪ್ರತಿ ನಾಣ್ಯಕ್ಕೂ ಒಂದು ಅಂಕ ದೊರೆಯುತ್ತದೆ; ಬೆಳ್ಳಿಬಣ್ಣದ ದೊಡ್ಡ ನಾಣ್ಯ ಅಥವಾ ನೋಟು ಬಿದ್ದರೆ ಅದರ ಬೆಲೆಯಷ್ಟು ಅಂಕ ಕಳೆಯುತ್ತದೆ. ಹೀಗಾಗಿ ಎದುರಾಳಿ ತರಗತಿಯನ್ನು ಹಿಂದೆ ಹಾಕಲು ಮಕ್ಕಳು ಅದರ ಜಾಡಿಗೆ ನೋಟು ಹಾಕುತ್ತಾರೆ. ಉದಾಹರಣೆಗೆ, ಒಂದು ಜಾಡಿಯಲ್ಲಿ 400 ಸೆಂಟ್ ನಾಣ್ಯಗಳಿದ್ದು ಅದಕ್ಕೆ ಒಂದು ಡಾಲರ್ ನೋಟು ಬಿದ್ದರೆ ಅಂಕ 300ಕ್ಕೆ ಇಳಿಯುತ್ತದೆ, ಆದರೆ ಸಂಗ್ರಹವಾದ ಹಣ 5 ಡಾಲರಿಗೆ ಏರುತ್ತದೆ. ಯಾವ ತರಗತಿ ಸೋತರೂ ನಿಧಿಯು ಬೆಳೆಯುತ್ತದೆ.

ನಡಿಗೆ ಮತ್ತು ಓದು: ನಡೆದ ಪ್ರತಿ ಸುತ್ತಿಗೆ ಅಥವಾ ಓದಿ ಮುಗಿಸಿದ ಪ್ರತಿ ಪುಸ್ತಕಕ್ಕೆ ಬಂಧುಗಳು, ನೆರೆಹೊರೆಯವರು ಇಂತಿಷ್ಟು ಹಣ ಕೊಡುವುದಾಗಿ ಮೊದಲೇ ಒಪ್ಪಿಕೊಂಡಿರುತ್ತಾರೆ.

ಮಾರಾಟ ಮತ್ತು ಪ್ರದರ್ಶನ: ಮನೆಯಲ್ಲಿ ತಯಾರಿಸಿದ ತಿನಿಸುಗಳ ಮಾರಾಟ, ನಾಟಕ ಮತ್ತು ಸಂಗೀತ ಕಾರ್ಯಕ್ರಮಗಳ ಟಿಕೆಟ್, ಶಿಕ್ಷಕರು ಮತ್ತು ವಿದ್ಯಾರ್ಥಿಗಳ ನಡುವಿನ ಪಂದ್ಯ ಮುಂತಾದವು. ದೇಣಿಗೆ ನೀಡಿದವರ ಹೆಸರು ಬರೆದ ಕಾಗದದ ನಕ್ಷತ್ರಗಳನ್ನು ಶಾಲೆಯ ಗೋಡೆಗೆ ಅಂಟಿಸುವುದೂ ಉಂಟು.

ಪತ್ರ ಬರವಣಿಗೆ: 2008ರಿಂದ ಮೇಸಿಸ್ ಎಂಬ ಮಳಿಗೆಗಳ ಸಮೂಹವು ಕ್ರಿಸ್‌ಮಸ್ ಕಾಲದಲ್ಲಿ ಮಕ್ಕಳು ಸಾಂಟಾಕ್ಲಾಸನಿಗೆ ಬರೆದು ತನ್ನ ಅಂಚೆಪೆಟ್ಟಿಗೆಗೆ ಹಾಕಿದ ಪ್ರತಿ ಪತ್ರಕ್ಕೂ ಒಂದು ಡಾಲರಿನಂತೆ, ನಿಗದಿಪಡಿಸಿದ ಮಿತಿಯವರೆಗೆ ಮೇಕ್-ಎ-ವಿಶ್‌ಗೆ ದೇಣಿಗೆ ನೀಡುತ್ತ ಬಂದಿದೆ. ಅನೇಕ ಶಿಕ್ಷಕರು ಇದನ್ನು ಪತ್ರಲೇಖನದ ಪಾಠಕ್ಕೆ ಜೋಡಿಸಿಕೊಳ್ಳುತ್ತಾರೆ. ಹಣ ಕೊಡಲಾಗದ ಮನೆಯ ಮಗುವೂ ಒಂದು ಹಾಳೆ, ಒಂದು ಪೆನ್ಸಿಲಿನಿಂದ ಭಾಗವಹಿಸಬಲ್ಲದೆಂಬುದು ಈ ವಿಧಾನದ ವಿಶೇಷ.

ಒಂದು ಶಾಲೆಯು ಸಾಕಷ್ಟು ಹಣ ಕೂಡಿಸಿದಾಗ ಆ ಪ್ರದೇಶದ ಒಂದು ನಿರ್ದಿಷ್ಟ ಇಷ್ಟಾರ್ಥದ ವೆಚ್ಚವನ್ನು ಅದರ ಹೆಸರಿಗೆ ಜಮೆ ಮಾಡಲಾಗುತ್ತದೆ. ಕುಟುಂಬವು ಒಪ್ಪಿದರೆ ಮಗುವನ್ನು ಶಾಲೆಯ ಸಭೆಗೆ ಆಹ್ವಾನಿಸಿ, ಅದರ ಆಸೆ ಈಡೇರಲಿರುವ ಸುದ್ದಿಯನ್ನು ವಿದ್ಯಾರ್ಥಿಗಳ ಸಮ್ಮುಖದಲ್ಲಿಯೇ ತಿಳಿಸುವ ಪದ್ಧತಿಯೂ ಇದೆ.

ವಿದ್ಯಾರ್ಥಿಗಳು ಪಾಲಿಸಬೇಕಾದ ನಿಯಮಗಳು

ಕಾರ್ಯಕ್ರಮವನ್ನು ಆರಂಭಿಸುವ ಮೊದಲು ವಿದ್ಯಾರ್ಥಿಗಳು ಸಂಸ್ಥೆಗೆ ಅರ್ಜಿ ಸಲ್ಲಿಸಿ ಒಪ್ಪಿಗೆ ಪಡೆಯಬೇಕು. ಸಂಸ್ಥೆಯ ಹೆಸರು ಮತ್ತು ಲಾಂಛನವನ್ನು ಅನುಮತಿಯಿಲ್ಲದೆ ಬಳಸುವಂತಿಲ್ಲ. ಮನೆಮನೆಗೆ ಹೋಗಿ ಅಥವಾ ಅಪರಿಚಿತರಿಗೆ ದೂರವಾಣಿ ಕರೆ ಮಾಡಿ ಹಣ ಕೇಳುವುದಕ್ಕೆ ಮೇಕ್-ಎ-ವಿಶ್ ಅವಕಾಶ ನೀಡುವುದಿಲ್ಲ. ಇದರಲ್ಲಿ ಮಕ್ಕಳ ಸುರಕ್ಷತೆಯೂ ಸಂಸ್ಥೆಯ ವಿಶ್ವಾಸಾರ್ಹತೆಯೂ ಅಡಗಿದೆ.

ಭಾಷಾಬಳಕೆಯ ಬಗೆಗೂ ನಿಯಮವಿದೆ. ಈ ಮಕ್ಕಳನ್ನು 'ಸಾವಿನಂಚಿನಲ್ಲಿರುವವರು' ಎಂದು ಬಣ್ಣಿಸಬಾರದು. 'ಗಂಭೀರ ಕಾಯಿಲೆಯಲ್ಲಿರುವ ಮಕ್ಕಳು' ಎಂದು ಕರೆಯಬೇಕು. ಕನ್ನಡದಲ್ಲಿ ಇಂತಹ ಪ್ರಸಂಗಗಳನ್ನು ವರದಿ ಮಾಡುವಾಗ ಕೆಲವೊಮ್ಮೆ 'ಕೊನೆಯಾಸೆ' ಎಂಬ ಪದವನ್ನು ಬಳಸುವುದುಂಟು. ಇದು ಎರಡು ಕಾರಣಗಳಿಂದ ತಪ್ಪು. ಇಷ್ಟಾರ್ಥ ಪಡೆದ ಮಕ್ಕಳಲ್ಲಿ ಬಹುಮಂದಿ ಚಿಕಿತ್ಸೆಯಿಂದ ಚೇತರಿಸಿಕೊಂಡು ದೊಡ್ಡವರಾಗುತ್ತಾರೆಂಬುದು ಮೊದಲನೆಯದು. ವರದಿಯನ್ನು ಆ ಮಗುವೂ ಅದರ ಸಹಪಾಠಿಗಳೂ ಓದುತ್ತಾರೆಂಬುದು ಎರಡನೆಯದು. ಓದಲು ಬರುವ ಮಗುವಿಗೆ ತನ್ನ ಹೆಸರಿನ ಮುಂದೆ ಆ ಪದವನ್ನು ಕಾಣುವ ಸಂದರ್ಭ ಬರಬಾರದು.

ಯಾವ ಮಗುವಿನ ಆಸೆಯನ್ನು ಪೂರೈಸಬೇಕೆಂಬುದನ್ನು ವಿದ್ಯಾರ್ಥಿಗಳು ನಿರ್ಧರಿಸುವುದಿಲ್ಲ. ಮಗುವಿನ ಹೆಸರು, ಭಾವಚಿತ್ರ ಮತ್ತು ಕಾಯಿಲೆಯ ವಿವರಗಳನ್ನು ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಪ್ರಕಟಿಸುವುದಿಲ್ಲ. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷದೊಳಗಿನವರ ವೈಯಕ್ತಿಕ ಮಾಹಿತಿಯ ಬಳಕೆಗೆ ಪೋಷಕರ ಪರಿಶೀಲಿಸಬಹುದಾದ ಸಮ್ಮತಿಯನ್ನು ವಿಧಿಸಿದೆ.

ಭಾರತ ಮತ್ತು ಕರ್ನಾಟಕದಲ್ಲಿ

ಮೇಕ್-ಎ-ವಿಶ್‌ನ ಭಾರತೀಯ ಸಂಸ್ಥೆಯು 1996ರಲ್ಲಿ ಆರಂಭವಾಯಿತು. ಇದರ ಕೇಂದ್ರ ಕಚೇರಿ ಮುಂಬಯಿಯಲ್ಲಿದ್ದು, ಬೆಂಗಳೂರು ಸೇರಿದಂತೆ ಪ್ರಮುಖ ನಗರಗಳಲ್ಲಿ ಸ್ವಯಂಸೇವಕರು ಆಸ್ಪತ್ರೆಗಳೊಡನೆ ಸಂಪರ್ಕವಿಟ್ಟುಕೊಂಡು ಕಾರ್ಯನಿರ್ವಹಿಸುತ್ತಾರೆ. ಭಾರತದ ಮಕ್ಕಳ ಕೋರಿಕೆಗಳಲ್ಲಿ ಸೈಕಲ್, ಮೊಬೈಲ್, ಟ್ಯಾಬ್, ಹೊಸ ಬಟ್ಟೆ, ಗೊಂಬೆ ಮೊದಲಾದ ವಸ್ತುಗಳು ಹೆಚ್ಚಾಗಿ ಕಂಡುಬರುತ್ತವೆ.

2014ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ರಕ್ತದ ಕ್ಯಾನ್ಸರಿನಿಂದ ಬಳಲುತ್ತಿದ್ದ ಹತ್ತು ವರ್ಷದ ಬಾಲಕನೊಬ್ಬನನ್ನು ಒಂದು ದಿನದ ಪೊಲೀಸ್ ಆಯುಕ್ತನನ್ನಾಗಿ ಮಾಡಲಾಯಿತು. ಬೆಂಗಳೂರಿನಲ್ಲಿಯೂ 2019ರಲ್ಲಿ ಕೆಲವು ಮಕ್ಕಳಿಗೆ ನಗರ ಪೊಲೀಸ್ ಆಯುಕ್ತರ ಕುರ್ಚಿಯಲ್ಲಿ ಕುಳಿತು ಗೌರವ ವಂದನೆ ಸ್ವೀಕರಿಸುವ ಅವಕಾಶ ದೊರೆಯಿತು. 2022ರ ಜುಲೈಯಲ್ಲಿ ಕೋರಮಂಗಲದ ಠಾಣೆಯಲ್ಲಿ ಇಬ್ಬರು ಬಾಲಕರು ಒಂದು ದಿನದ ಡಿಸಿಪಿಗಳಾದರು. ಫೀನಿಕ್ಸಿನ ಕ್ರಿಸ್ ಮತ್ತು ಬೆಂಗಳೂರಿನ ಈ ಮಕ್ಕಳು ಖಾಕಿಯಲ್ಲಿ ಕಂಡ ಕನಸು ಒಂದೇ ಆಗಿರುವುದು ಗಮನಾರ್ಹ.

ಭಾರತದ ಶಾಲೆಗಳಲ್ಲಿ ಈ ಕಾರ್ಯವು ಅಮೆರಿಕದಷ್ಟು ವ್ಯವಸ್ಥಿತ ರೂಪವನ್ನು ಪಡೆದಿಲ್ಲ. ಆದರೆ ಇದಕ್ಕೆ ಹೊಂದುವ ಚೌಕಟ್ಟುಗಳು ಈಗಾಗಲೇ ಇವೆ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ, ಸ್ಕೌಟ್ಸ್ ಮತ್ತು ಗೈಡ್ಸ್ ಹಾಗೂ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಲಿಯ ಶಾಲೆಗಳಲ್ಲಿನ 'ಸೇವಾ' ಚಟುವಟಿಕೆ ಇಂತಹವು. ಪ್ರತಿವರ್ಷ ಗಾಂಧಿ ಜಯಂತಿಯಿಂದ ಒಂದು ವಾರ ನಡೆಯುವ 'ದಾನ ಉತ್ಸವ'ವೂ ಶಾಲೆಗಳಿಗೆ ಅವಕಾಶ ಒದಗಿಸುತ್ತದೆ.

ನಮ್ಮಲ್ಲಿ ಇದನ್ನು ಕೈಗೊಳ್ಳುವ ಶಾಲೆಗಳು ಕೆಲವು ಅಂಶಗಳನ್ನು ಗಮನಿಸಬೇಕಾಗುತ್ತದೆ. ವಂತಿಗೆಯು ಸ್ವಯಂಪ್ರೇರಿತವಾಗಿರಬೇಕು, ಯಾರು ಎಷ್ಟು ಕೊಟ್ಟರೆಂಬುದನ್ನು ತರಗತಿಯಲ್ಲಿ ಓದಿ ಹೇಳಬಾರದು. ಮುಚ್ಚಿದ ಹುಂಡಿಯಲ್ಲಿ ಸಂಗ್ರಹಿಸುವುದು ಈ ದೃಷ್ಟಿಯಿಂದ ಉತ್ತಮ. ಹುಂಡಿಯನ್ನು ಶಿಕ್ಷಕರು ಮತ್ತು ವಿದ್ಯಾರ್ಥಿ ಪ್ರತಿನಿಧಿಗಳ ಎದುರಿನಲ್ಲಿ ತೆರೆದು, ಮೊತ್ತವನ್ನು ಸೂಚನಾ ಫಲಕದಲ್ಲಿ ಪ್ರಕಟಿಸಬೇಕು. ಹಣ ಪಡೆಯುವ ಸಂಸ್ಥೆಯು ನೋಂದಾಯಿತವಾಗಿದೆಯೇ, ರಸೀದಿ ನೀಡುತ್ತದೆಯೇ, ಆದಾಯ ತೆರಿಗೆ ಕಾನೂನಿನ ಮಾನ್ಯತೆ ಪಡೆದಿದೆಯೇ ಎಂಬುದನ್ನು ಮುಖ್ಯೋಪಾಧ್ಯಾಯರು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಹಣವಿಲ್ಲದೆಯೂ ಮಾಡಬಹುದಾದ ಕೆಲಸಗಳಿವೆ. ದೀರ್ಘಕಾಲ ಗೈರುಹಾಜರಾದ ಸಹಪಾಠಿಗೆ ಪಾಠದ ಟಿಪ್ಪಣಿಗಳನ್ನು ಬರೆದು ಕಳುಹಿಸುವುದು, ಅದು ಶಾಲೆಗೆ ಮರಳಿದಾಗ ಕೂದಲು ಉದುರಿದ ತಲೆಯನ್ನು ನೋಡಿ ನಗದಿರುವುದು, ಕೀಮೋಥೆರಪಿ ಪಡೆದ ಮಗುವಿಗೆ ಸೋಂಕು ಬೇಗ ತಗಲುವುದರಿಂದ ನೆಗಡಿ ಕೆಮ್ಮು ಇರುವಾಗ ದೂರವಿರುವುದು ಇವೆಲ್ಲ ವಿದ್ಯಾರ್ಥಿಗಳ ಕೈಯಲ್ಲಿಯೇ ಇರುವಂಥವು. 'ಶಾಲೆಗೆ ಹೋಗಬೇಕು' ಎಂಬುದೇ ಅಸ್ವಸ್ಥ ಮಗುವಿನ ಆಸೆಯಾಗಿದ್ದಲ್ಲಿ ಅದನ್ನು ಪೂರೈಸಬಲ್ಲವರು ಸಹಪಾಠಿಗಳು ಮಾತ್ರ.

ಪರಿಣಾಮಗಳ ಅಧ್ಯಯನ

ಇಷ್ಟಾರ್ಥ ಪೂರೈಕೆಯಿಂದ ಮಗುವಿಗೆ ಆಗುವ ಪ್ರಯೋಜನವನ್ನು ಅಳೆಯುವ ಪ್ರಯತ್ನಗಳು ನಡೆದಿವೆ. 2016ರಲ್ಲಿ ಇಸ್ರೇಲಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಕ್ಯಾನ್ಸರ್ ಪೀಡಿತರಾದ, 5ರಿಂದ 12 ವರ್ಷದೊಳಗಿನ 66 ಮಕ್ಕಳನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿನ ಮಕ್ಕಳ ಆಸೆಯನ್ನು ಪೂರೈಸಿ, ಮತ್ತೊಂದನ್ನು ಕಾಯುವ ಪಟ್ಟಿಯಲ್ಲಿ ಇರಿಸಲಾಯಿತು. ಆಸೆ ಈಡೇರಿದ ಮಕ್ಕಳಲ್ಲಿ ಖಿನ್ನತೆ ಮತ್ತು ಆತಂಕದ ಲಕ್ಷಣಗಳು ಕಡಮೆಯಾಗಿ, ಭರವಸೆಯ ಭಾವನೆ ಹೆಚ್ಚಿದುದು ಕಂಡುಬಂದಿತು.

ಅಮೆರಿಕದ ಓಹಾಯೊ ರಾಜ್ಯದ ಮಕ್ಕಳ ಆಸ್ಪತ್ರೆಯೊಂದರ ತಂಡವು 2019ರಲ್ಲಿ ಪ್ರಕಟಿಸಿದ ಅಧ್ಯಯನವು ಇಷ್ಟಾರ್ಥ ಪಡೆದ 496 ಮಕ್ಕಳನ್ನು ವಯಸ್ಸು, ಕಾಯಿಲೆ ಮೊದಲಾದವುಗಳಲ್ಲಿ ಅವರನ್ನೇ ಹೋಲುವ, ಇಷ್ಟಾರ್ಥ ಪಡೆಯದ ಇನ್ನೂ 496 ಮಕ್ಕಳೊಡನೆ ಹೋಲಿಸಿತು. ತುರ್ತಾಗಿ ಆಸ್ಪತ್ರೆಗೆ ದಾಖಲಾಗದೆ ಇರುವ ಸಂಭವವು ಇಷ್ಟಾರ್ಥ ಪಡೆದವರಲ್ಲಿ 2.5 ಪಟ್ಟು, ತುರ್ತು ಚಿಕಿತ್ಸಾ ಘಟಕಕ್ಕೆ ಹೋಗದೆ ಇರುವ ಸಂಭವವು 1.9 ಪಟ್ಟು ಹೆಚ್ಚಾಗಿತ್ತು.

ಈ ಎರಡನೆಯ ಅಧ್ಯಯನವನ್ನು ಓದುವಾಗ ಒಂದು ಎಚ್ಚರಿಕೆ ಅಗತ್ಯ. ಇಲ್ಲಿ ಮಕ್ಕಳನ್ನು ಯಾದೃಚ್ಛಿಕವಾಗಿ ವಿಂಗಡಿಸಿರಲಿಲ್ಲ. ಇಷ್ಟಾರ್ಥ ಪಡೆದವರ ಕುಟುಂಬಗಳಿಗೆ ಬೇರೆ ಅನುಕೂಲಗಳೂ ಇದ್ದಿರಬಹುದು. ಆದುದರಿಂದ ಆಸೆ ಈಡೇರಿದ್ದೇ ಆರೋಗ್ಯ ಸುಧಾರಣೆಗೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಎರಡರ ನಡುವೆ ಸಂಬಂಧವಿದೆಯೆಂದಷ್ಟೇ ಹೇಳಬಹುದು. ಮೊದಲನೆಯ ಅಧ್ಯಯನದ ವಿಧಾನ ಹೆಚ್ಚು ಬಿಗಿಯಾದುದಾದರೂ ಮಕ್ಕಳ ಸಂಖ್ಯೆ ಚಿಕ್ಕದು.

ಟೀಕೆ ಮತ್ತು ಚರ್ಚೆ

ಇಷ್ಟಾರ್ಥ ಪೂರೈಕೆಯ ವೆಚ್ಚವನ್ನು ಕುರಿತು ಆಸ್ಟ್ರೇಲಿಯಾದ ತತ್ತ್ವಶಾಸ್ತ್ರಜ್ಞ ಪೀಟರ್ ಸಿಂಗರ್ ಅವರು 2013ರಲ್ಲಿ ಎತ್ತಿದ ಪ್ರಶ್ನೆಯು ಪ್ರಸಿದ್ಧವಾಗಿದೆ. ಬ್ಯಾಟ್‌ಕಿಡ್ ಪ್ರಸಂಗದ ನಂತರ 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಅವರು ಒಂದು ಇಷ್ಟಾರ್ಥಕ್ಕೆ ತಗಲುವ ಸರಾಸರಿ ವೆಚ್ಚ 7,500 ಡಾಲರ್ ಎಂದು ಉಲ್ಲೇಖಿಸಿ, ಅದೇ ಹಣವನ್ನು ಮಲೇರಿಯಾಪೀಡಿತ ಪ್ರದೇಶಗಳಲ್ಲಿ ಸೊಳ್ಳೆಪರದೆ ಹಂಚಲು ಬಳಸಿದರೆ ಎರಡು ಮೂರು ಮಕ್ಕಳ ಪ್ರಾಣವನ್ನೇ ಉಳಿಸಬಹುದೆಂದು ವಾದಿಸಿದರು. ಕಣ್ಣೆದುರಿನ ಒಂದು ಮಗುವಿಗೆ ಮನ ಕರಗುವಷ್ಟು ಸುಲಭವಾಗಿ ದೂರದ, ಹೆಸರಿಲ್ಲದ ಮಕ್ಕಳಿಗೆ ಕರಗುವುದಿಲ್ಲವೆಂಬುದು ಅವರ ಆಕ್ಷೇಪ.

ಇದಕ್ಕೆ ನೀಡಲಾಗುವ ಉತ್ತರಗಳು ಎರಡು. ಕರುಣೆಯು ಒಂದೇ ಮೂಟೆಯಲ್ಲಿ ಕಟ್ಟಿಟ್ಟ ಧಾನ್ಯದಂತಲ್ಲ. ಒಂದು ಕಡೆ ಕೊಟ್ಟವನು ಮತ್ತೊಂದು ಕಡೆ ಕೊಡಲಾರನೆಂಬ ನಿಯಮವಿಲ್ಲವೆಂಬುದು ಒಂದು. ಪ್ರಾಣ ಉಳಿಸುವುದೊಂದೇ ಮಾನವೀಯತೆಯ ಅಳತೆಯಾಗಲಾರದು, ನೋವಿನಲ್ಲಿರುವವರಿಗೆ ಸಂತೋಷ ನೀಡುವುದೂ ಕರ್ತವ್ಯವೇ ಎಂಬುದು ಮತ್ತೊಂದು. ಆದರೂ ಸಿಂಗರ್ ಅವರ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಔಷಧಕ್ಕೇ ಹಣವಿಲ್ಲದ ಕುಟುಂಬಗಳಿರುವ ನಮ್ಮಂತಹ ದೇಶದಲ್ಲಿ ಅದಕ್ಕೆ ಹೆಚ್ಚಿನ ತೂಕವಿದೆ. ಪ್ರೌಢಶಾಲೆ ಮತ್ತು ಕಾಲೇಜುಗಳ ಚರ್ಚಾಸ್ಪರ್ಧೆಗಳಿಗೆ ಇದು ಉಪಯುಕ್ತ ವಿಷಯ.

ಎರಡನೆಯ ಟೀಕೆಯು ಪ್ರದರ್ಶನವನ್ನು ಕುರಿತದ್ದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತು ನಮ್ಮಲ್ಲಿದೆ. ದಾನಿಗಳು, ಗಣ್ಯರು ಹಾಗೂ ಶಾಲೆಗಳು ಅಸ್ವಸ್ಥ ಮಗುವನ್ನು ನಡುವೆ ನಿಲ್ಲಿಸಿಕೊಂಡು ಛಾಯಾಚಿತ್ರ ತೆಗೆಸಿಕೊಳ್ಳುವಾಗ ಮಗುವಿನ ಆಸೆಗಿಂತ ಕೊಟ್ಟವರ ಹೆಸರು ದೊಡ್ಡದಾಗುವ ಅಪಾಯವಿದೆ. ವೇದಿಕೆಯಲ್ಲಿ ಬಹಳ ಹೊತ್ತು ಕೂರಿಸುವುದು ಮಗುವಿಗೆ ಆಯಾಸವನ್ನೂ ಉಂಟುಮಾಡುತ್ತದೆ.

ಮೂರನೆಯದು ಆಸೆಗಳ ಮಿತಿಯನ್ನು ಕುರಿತದ್ದು. 1996ರಲ್ಲಿ ಬಾಲಕನೊಬ್ಬನು ಅಲಾಸ್ಕಾದಲ್ಲಿ ಕರಡಿಯನ್ನು ಬೇಟೆಯಾಡಬೇಕೆಂದು ಬಯಸಿದಾಗ ಪ್ರಾಣಿದಯಾ ಸಂಘಟನೆಗಳಿಂದ ತೀವ್ರ ವಿರೋಧ ವ್ಯಕ್ತವಾಯಿತು. ತರುವಾಯ ಮೇಕ್-ಎ-ವಿಶ್ ಸಂಸ್ಥೆಯು ಬೇಟೆಗೆ ಸಂಬಂಧಿಸಿದ ಕೋರಿಕೆಗಳನ್ನು ಕೈಬಿಟ್ಟಿತು.

ಇತ್ತೀಚಿನ ಬದಲಾವಣೆಗಳು

2020ರಲ್ಲಿ ಕೋವಿಡ್-19 ಸಾಂಕ್ರಾಮಿಕದಿಂದಾಗಿ ಪ್ರಯಾಣದ ಇಷ್ಟಾರ್ಥಗಳನ್ನು ತಡೆಹಿಡಿಯಬೇಕಾಯಿತು. ಸಾವಿರಾರು ಮಕ್ಕಳು ಕಾಯಬೇಕಾಗಿ ಬಂದಿತು. ಕೆಲವರು ಮನೆಯಲ್ಲಿಯೇ ನೆರವೇರಬಲ್ಲ ಬೇರೆ ಆಸೆಗಳನ್ನು ಆರಿಸಿಕೊಂಡರು. ಶಾಲೆಗಳು ಮುಚ್ಚಿದ್ದರಿಂದ ವಿದ್ಯಾರ್ಥಿಗಳ ನಿಧಿಸಂಗ್ರಹವೂ ಅಂತರಜಾಲಕ್ಕೆ ಸ್ಥಳಾಂತರಗೊಂಡಿತು.

ವೈದ್ಯಕೀಯ ಪ್ರಗತಿಯು ಅರ್ಹತೆಯ ನಿಯಮಗಳನ್ನೂ ಬದಲಿಸುತ್ತಿದೆ. ಶ್ವಾಸಕೋಶ ಮತ್ತು ಜೀರ್ಣಾಂಗಗಳನ್ನು ಬಾಧಿಸುವ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯ ಮಕ್ಕಳು ಹಿಂದೆ ಅಮೆರಿಕದಲ್ಲಿ ತಾವಾಗಿಯೇ ಅರ್ಹರಾಗುತ್ತಿದ್ದರು. ಹೊಸ ಔಷಧಗಳಿಂದ ಅವರ ಆಯುಸ್ಸು ಗಣನೀಯವಾಗಿ ಹೆಚ್ಚಿದುದರಿಂದ 2024ರ ಜನವರಿಯಿಂದ ಈ ಕಾಯಿಲೆಯನ್ನು ಸ್ವಯಂ ಅರ್ಹತೆಯ ಪಟ್ಟಿಯಿಂದ ತೆಗೆಯಲಾಗಿದ್ದು, ಪ್ರತಿ ಮಗುವಿನ ಸ್ಥಿತಿಯನ್ನು ಪ್ರತ್ಯೇಕವಾಗಿ ಪರಿಶೀಲಿಸಲಾಗುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಆರಂಭಿಸಿದ ಯೋಜನೆಯು 2030ರ ಹೊತ್ತಿಗೆ ಕ್ಯಾನ್ಸರ್ ಪೀಡಿತ ಮಕ್ಕಳಲ್ಲಿ ಕನಿಷ್ಠ ಶೇಕಡ 60 ಮಂದಿ ಬದುಕುಳಿಯುವಂತೆ ಮಾಡುವ ಗುರಿಯನ್ನು ಹೊಂದಿದೆ. ಹೀಗೆ ಗುಣಮುಖರಾಗುವವರ ಸಂಖ್ಯೆ ಹೆಚ್ಚಿದಂತೆ, ಇಷ್ಟಾರ್ಥ ಪೂರೈಕೆಯು ವಿದಾಯದ ಕೊಡುಗೆಯಾಗಿರದೆ, ಕಠಿಣ ಚಿಕಿತ್ಸೆಯನ್ನು ಸಹಿಸಿ ಮುಗಿಸಲು ಮಗುವಿಗೆ ನೀಡುವ ಒತ್ತಾಸೆಯಾಗಿ ರೂಪಾಂತರಗೊಳ್ಳುತ್ತಿದೆ.